ಕಾವಲುಗಾರ್ತಿಯ ಕೆನ್ನೆ

"ಗುರುಗಳೇ, ನಮ್ಮದು ಊರಿಗೆಲ್ಲ ಗೊತ್ತಿರುವ ಮನೆತನ. ನಮ್ಮ ಮಾವನವರ ತಾತ ಕಟ್ಟಿಸಿದ ಛತ್ರದಲ್ಲಿ ಇವತ್ತಿಗೂ ದಾರಿಹೋಕರು ಉಂಡು ಮಲಗುತ್ತಾರೆ. ನಮ್ಮ ಅತ್ತೆಯವರು ಬಾಗಿಲಿಗೆ ರಂಗೋಲಿ ಇಟ್ಟರೆ ಅದನ್ನು ತುಳಿಯಬಾರದೆಂದು ಹಾಲಿನವನು ಹಿತ್ತಿಲಿಂದ ಬರುತ್ತಿದ್ದ. ಆ ಮನೆಯಿಂದ ಒಬ್ಬರಿಗೆ ಅನ್ಯಾಯವಾಯಿತೆಂಬ ಮಾತು ಈವರೆಗೆ ಹುಟ್ಟಿಲ್ಲ. ಈಗ ತಾವೇ ಹೇಳಿ, ಕಣ್ಣೆದುರಿಗೆ ಕಂಡ ತಪ್ಪನ್ನು ತಿದ್ದಿದವರು ಕ್ಷಮೆ ಕೇಳಬೇಕೆ?"

ಹೀಗೆ ಕೇಳಿದವಳು ಹೈಮವತಿ. ಗುರುಗಳ ಸಂಜೆಯ ಪಾಠಕ್ಕೆ ಎಲ್ಲರಿಗಿಂತ ಮೊದಲು ಬಂದು ಮುಂದಿನ ಚಾಪೆಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂರುವವಳು. ಯಾರ ತಪ್ಪು, ಏನು ತಪ್ಪು ಎಂದು ಗುರುಗಳು ವಿಚಾರಿಸಿದರು. ಹೈಮವತಿ ಒಂದನ್ನೂ ಮುಚ್ಚಿಡದೆ ಹೇಳಿದಳು. ಮನೆಗೆ ಹೊಸದಾಗಿ ಬಂದ ಸೊಸೆ ವಾರಿಜಾ ಯುಗಾದಿಯ ಬೆಳಗ್ಗೆ ಬಾಗಿಲಿಗೆ ಎಳೆ ರಂಗೋಲಿ ಇಟ್ಟಿದ್ದಳು. ಎಳೆಗಳೆಲ್ಲ ಒಂದನ್ನೊಂದು ಸುತ್ತಿ ಬಂದು ಕೂಡಿಕೊಂಡಿದ್ದವು. ಮೂಡಣ ಮೂಲೆಯಲ್ಲಿ ಮಾತ್ರ ಒಂದು ಎಳೆ ಕೂಡದೆ ಬಾಯಿಬಿಟ್ಟುಕೊಂಡಿತ್ತು. ಹೈಮವತಿ ಪುಡಿ ತೆಗೆದುಕೊಂಡು ಅದನ್ನು ಕೂಡಿಸಿದಳು. ಸೊಸೆ ನೋಡಿದಳು, ಕೈ ತೊಳೆದು ಒಳಗೆ ಹೋದಳು. ಮರುದಿನದಿಂದ ಬಾಗಿಲಿಗೆ ಬರೀ ನೀರು ಬಿತ್ತು. ಆಮೇಲೆ ಅವಳು ತವರಿಗೆ ಹೋದಳು. ಕರೆತರಲು ಹೋದ ಮಗ ಒಬ್ಬನೇ ಬಂದ. ತಪ್ಪಾಯಿತೆಂದು ಅತ್ತೆ ಒಂದು ಮಾತು ಹೇಳುವವರೆಗೆ ಆ ಹೊಸಿಲು ದಾಟುವುದಿಲ್ಲ ಎಂದಳಂತೆ. ಇನ್ನು ಅವನೂ ಅಲ್ಲೇ ಮನೆ ಹಿಡಿಯುವ ಯೋಚನೆಯಲ್ಲಿದ್ದಾನೆ.

ಗುರುಗಳು ಕೇಳಿದರು: "ಆ ಎಳೆಯನ್ನು ಏಕೆ ಬಿಟ್ಟೆ ಎಂದು ಅವಳನ್ನು ಕೇಳಿದೆಯಾ?"

"ಕೇಳುವುದೇನಿದೆ ಗುರುಗಳೇ? ಬಿಟ್ಟುಹೋದದ್ದು ಕಾಣುತ್ತಿತ್ತಲ್ಲ."

ಅದಕ್ಕೆ ಗುರುಗಳು ಈ ಕತೆಯನ್ನು ಹೇಳಿದರು.

ಒಂದು ಊರಿನಲ್ಲಿ ಒಬ್ಬ ಗೃಹಿಣಿ ಇದ್ದಳು. ಅವಳ ಮನೆಯಲ್ಲಿ ನವರಾತ್ರಿಗೆ ಬೊಂಬೆ ಕೂರಿಸುವ ಪದ್ಧತಿ ತಲೆತಲಾಂತರದಿಂದ ನಡೆದುಬಂದಿತ್ತು. ಪ್ರತಿ ವರ್ಷ ಹಂತದ ಮೇಲೆ ಒಂದಾದರೂ ಹೊಸ ಬೊಂಬೆ ಏರಬೇಕು ಎಂಬುದು ಆ ಮನೆಯ ನಿಯಮ. ಬೊಂಬೆಗಳಿಗೆ ಬಣ್ಣ ಕೊಡುವುದರಲ್ಲಿ ಅವಳನ್ನು ಮೀರಿಸುವವರು ಊರಿನಲ್ಲಿರಲಿಲ್ಲ. ಇದನ್ನು ಊರು ಒಪ್ಪಿತ್ತು. ಅವಳೂ ಒಪ್ಪಿದ್ದಳು. ಬೇರೆಯವರ ಮನೆಗೆ ಅರಿಸಿನ ಕುಂಕುಮಕ್ಕೆ ಹೋದಾಗ ರಾಮನ ಬಿಲ್ಲಿನ ಬಣ್ಣ ಲಕ್ಷ್ಮಣನ ಭುಜಕ್ಕೆ ತಾಗಿದ್ದರೆ ಅವಳಿಗೆ ಬಾಯಲ್ಲಿಟ್ಟ ಚಕ್ಕುಲಿ ಇಳಿಯುತ್ತಿರಲಿಲ್ಲ.

ಎರಡು ಬೀದಿಗಳ ಆಚೆ ಒಬ್ಬ ಶಿಲ್ಪಿ ಇದ್ದ. ಅವನು ದೇವರ ವಿಗ್ರಹಗಳನ್ನು ಮಾಡುತ್ತಿರಲಿಲ್ಲ. ಯಾವ ಪುರಾಣದಲ್ಲೂ ಇಲ್ಲದ ಜನರು ಅವನ ತಲೆಯೊಳಗಿದ್ದರು. ಅವರನ್ನು ಮೊದಲು ಜೇಡಿಮಣ್ಣಿನಲ್ಲಿ ತಿದ್ದಿ, ಅದರ ಮೇಲೆ ರಬ್ಬರಿನ ಅಚ್ಚು ತೆಗೆದು, ಅಚ್ಚಿನೊಳಗೆ ರೆಸಿನ್ ಎಂಬ ಗಟ್ಟಿಯಾಗುವ ದ್ರವ ಸುರಿದು ಎರಕ ಹೊಯ್ಯುತ್ತಿದ್ದ. ಆ ವರ್ಷ ಅವನು ನಾಗಕೊಳದ ಕಾವಲುಗಾರ್ತಿಯೊಬ್ಬಳನ್ನು ತಲೆಯಿಂದ ಎದೆಯವರೆಗೆ ಮಾತ್ರ ಮಾಡಿದ. ತಲೆಯ ಮೇಲೆ ಕವಲೊಡೆದ ಜಿಂಕೆಯ ಕೊಂಬು, ಕತ್ತಿನ ಸುತ್ತ ಹಾವಿನ ಪೊರೆಯಂತಹ ಹುರುಪೆ, ತಾವರೆ ದಂಟು ಹೆಣೆದ ಕಿರೀಟ. ಎರಕವನ್ನು ಬಿಡಿಸುವಾಗ ಅಚ್ಚು ಹರಿದುಹೋಯಿತು. ಮಣ್ಣಿನ ಮೂಲವೂ ಆಗಲೇ ಒಡೆದಿತ್ತು.

ಶಿಲ್ಪಿಗೆ ಬಣ್ಣ ಒಗ್ಗುತ್ತಿರಲಿಲ್ಲ. ಅವನು ಮೈ, ಕೊಂಬು, ಕಿರೀಟ ಎಂದು ಬೇರೆಬೇರೆಯಾಗಿ ಎರೆದ ಬಿಡಿಭಾಗಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಗೃಹಿಣಿಯ ಮನೆಗೆ ಬಂದ. ಇವಳನ್ನು ಜೋಡಿಸಿ ಬಣ್ಣ ಕೊಡಬೇಕು, ನವರಾತ್ರಿಯಷ್ಟೂ ದಿನ ನಿಮ್ಮ ಹಂತದ ಮೇಲಿರಲಿ, ಆಮೇಲೆ ನನ್ನ ಮನೆಗೆ ಬರಲಿ, ಅಚ್ಚು ಹರಿದಿದೆ, ಜಗತ್ತಿಗೆಲ್ಲ ಇವಳು ಒಬ್ಬಳೇ ಎಂದ. ಕೆಲಸ ಹಿಡಿಸಿದರೆ ಮುಂದೆ ತಾನು ಮಾಡುವ ಒಂದೊಂದು ಬೊಂಬೆಯೂ ಮೊದಲು ಈ ಮನೆಯ ಹಂತವನ್ನೇ ಏರಲಿ ಎಂದೂ ಹೇಳಿದ. ಗೃಹಿಣಿಗೆ ಅದಕ್ಕಿಂತ ಹೆಚ್ಚಿನ ಆಸೆ ಇರಲಿಲ್ಲ. ಅಂತಹ ಬೊಂಬೆಗಳು ಬೇರೆ ಯಾವ ಮನೆಯಲ್ಲೂ ಇರಲಾರವು.

ಅವಳು ಕೆಲಸಕ್ಕೆ ಕೈಹಾಕಿದಳು. ಎರಕಕ್ಕೆ ಅಚ್ಚಿನ ಎಣ್ಣೆ ಅಂಟಿರುತ್ತದೆ, ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ. ಆದುದರಿಂದ ಒಂದೊಂದು ಭಾಗವನ್ನೂ ಸೋಪಿನ ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದು ನೆರಳಿನಲ್ಲಿ ಒಣಗಿಸಿದಳು. ರೆಸಿನ್ ಸುರಿದ ಕಡೆ ಮೊಳೆಯಂತೆ ಚಾಚಿಕೊಂಡಿದ್ದ ತುಣುಕುಗಳನ್ನು ಕತ್ತರಿಸಿದಳು. ಅಂಟು ಹಚ್ಚುವ ಮೊದಲು ಎಲ್ಲವನ್ನೂ ಹಾಗೆಯೇ ಒಂದಕ್ಕೊಂದು ಕೂರಿಸಿ ನೋಡಿದಳು. ಕೊಂಬು ಭಾರ, ಬರೀ ಅಂಟಿಗೆ ನಿಲ್ಲುವುದಿಲ್ಲ. ಸಣ್ಣ ಬೈರಿಗೆಯಿಂದ ತೂತು ಕೊರೆದು ಒಳಗೆ ತಂತಿ ಇಟ್ಟಳು. ಆದರೂ ಕಿರೀಟವನ್ನು, ಕೊಂಬನ್ನು ಆಗಲೇ ಅಂಟಿಸಲಿಲ್ಲ. ಮೊದಲೇ ಅಂಟಿಸಿದರೆ ಹಣೆಯ ಮೇಲುಭಾಗಕ್ಕೆ ಕುಂಚ ಹೋಗುವುದಿಲ್ಲ. ಅವಸರದವರು ಮಾಡುವ ಆ ತಪ್ಪನ್ನು ಅವಳು ಮಾಡುವವಳಲ್ಲ.

ಇಷ್ಟು ಕೇಳುವಾಗ ಹೈಮವತಿ ತಲೆಯಾಡಿಸುತ್ತಿದ್ದಳು. ಕೆಲಸವೆಂದರೆ ಹೀಗಿರಬೇಕು ಎಂದು ಅವಳ ಮುಖ ಹೇಳುತ್ತಿತ್ತು. ಗುರುಗಳು ಮುಂದುವರಿಸಿದರು.

ಅಚ್ಚಿನ ಎರಡು ಹೋಳುಗಳು ಕೂಡುವಲ್ಲಿ ಎರಕದ ಮೇಲೆ ಒಂದು ಗೀಟು ಮೂಡುತ್ತದೆ. ಅದನ್ನು ಉಜ್ಜಿ ತೆಗೆಯದಿದ್ದರೆ ಬಣ್ಣ ಕೊಟ್ಟ ಮೇಲೆ ಎದ್ದು ಕಾಣುತ್ತದೆ. ಗೃಹಿಣಿ ಮರಳು ಕಾಗದವನ್ನು ನೀರಿನಲ್ಲಿ ಅದ್ದಿ ಭುಜದಿಂದ ಉಜ್ಜುತ್ತ ಬಂದಳು. ಗೀಟು ಭುಜದಿಂದ ಕತ್ತಿಗೆ, ಕತ್ತಿನಿಂದ ದವಡೆಗೆ ಏರಿತ್ತು. ದವಡೆಯಿಂದ ಮುಂದೆ ಎಡಗೆನ್ನೆಯ ಮೇಲೆ, ಕಣ್ಣಿನ ಹತ್ತಿರದವರೆಗೂ ಹೋಗಿತ್ತು. ಅವಳು ಎಂದಿನಂತೆ ಬೆರಳು ಆಡಿಸಿ ನೋಡಿದಳು. ದವಡೆಯವರೆಗೆ ಗೀಟು ಉಬ್ಬಾಗಿತ್ತು. ಕೆನ್ನೆಯ ಮೇಲೆ ತಗ್ಗಾಗಿತ್ತು.

ಅವಳ ಬೆರಳು ಅಲ್ಲಿ ನಿಂತಿತು. ಅಚ್ಚಿನ ಗೀಟು ಯಾವತ್ತೂ ಉಬ್ಬು, ತಗ್ಗಾಗುವುದಿಲ್ಲ. ಇದು ಅವಳಿಗೆ ಗೊತ್ತಿತ್ತು. ಶಿಲ್ಪಿಯ ಮನೆ ಎರಡು ಬೀದಿಗಳ ಆಚೆ ಇತ್ತು. ಆದರೆ ಹೋಗಿ ಕೇಳಿದರೆ, ಇಷ್ಟು ವರ್ಷ ಬಣ್ಣ ಕೊಟ್ಟವಳಿಗೆ ಇದೂ ತಿಳಿಯದೆ ಎಂದುಕೊಂಡಾನು ಅನ್ನಿಸಿತು. ಎರಕದಲ್ಲಿ ಎಲ್ಲೋ ಗಾಳಿ ಸಿಕ್ಕಿಕೊಂಡಿರಬೇಕು ಎಂದು ತಾನೇ ತೀರ್ಮಾನಿಸಿದಳು. ತಗ್ಗಿಗೆ ಪುಟ್ಟಿ ತುಂಬಿದಳು. ಒಣಗಿದ ಮೇಲೆ ಅಂಚುಗಳನ್ನೂ ಸೇರಿಸಿ ಉಜ್ಜಿದಳು. ಕೆನ್ನೆ ಬೆಣ್ಣೆಯಂತಾಯಿತು.

ಬಣ್ಣ ಹಿಡಿಯಲೆಂದು ಮೇಲೆ ಬೂದು ಬಣ್ಣದ ಪ್ರೈಮರ್ ಹೊಡೆದಳು. ಮೊದಲು ಕಣ್ಣು ಬರೆದಳು, ಆಮೇಲೆ ಮೈಬಣ್ಣ. ನೀರಾದ ಬಣ್ಣವನ್ನು ತೆಳುವಾಗಿ ಬಳಿದು, ಒಂದು ಪದರ ಒಣಗಿದ ಮೇಲೆ ಇನ್ನೊಂದು ಕೊಟ್ಟಳು. ಹುರುಪೆಗಳ ಸಂದಿಗೆ ಕಪ್ಪು ಹಸಿರು ಇಳಿಯಬಿಟ್ಟು, ಅವುಗಳ ಬೆನ್ನನ್ನು ಒಣ ಕುಂಚದಿಂದ ಬೆಳ್ಳಿ ಬಣ್ಣದಲ್ಲಿ ಸವರಿದಳು. ಕೊನೆಗೆ ಕಿರೀಟ ಕೂರಿಸಿ ಕೊಂಬು ನಿಲ್ಲಿಸಿದಳು. ಜೋಡಿಸಿದ ಜಾಗ ಎಲ್ಲಿದೆ ಎಂದು ಅವಳೇ ಹುಡುಕಬೇಕಾಗಿತ್ತು.

ನವರಾತ್ರಿಗೆ ಕಾವಲುಗಾರ್ತಿ ಹಂತದ ನಡುವೆ ಕುಳಿತಳು. ಬಂದ ಹೆಂಗಸರು ಬೇರೆ ಬೊಂಬೆಗಳನ್ನು ನೋಡಲೇ ಇಲ್ಲ. ಒಬ್ಬಾಕೆ, ಕೊಂಬು ಇದ್ದರೂ ಚಿಂತೆಯಿಲ್ಲ, ಇಂತಹ ಕೆನ್ನೆ ಇದ್ದರೆ ವರ ಹುಡುಕುವುದು ಕಷ್ಟವಲ್ಲ ಎಂದಳು. ಮತ್ತೊಬ್ಬಳು, ಇವಳು ಯಾವ ಸೋಪು ಹಚ್ಚುತ್ತಾಳೆ ಎಂದು ಮನೆಯವರನ್ನೇ ಕೇಳಿದಳು. ಎಲ್ಲರೂ ನಕ್ಕರು. ಗೃಹಿಣಿಯೂ ಅಳತೆಗೆ ತಕ್ಕಷ್ಟು ನಕ್ಕಳು. ಆಗ ಶಿಲ್ಪಿ ಬಂದ.

ಅವನು ಕಣ್ಣು ನೋಡಿದ, ಹುರುಪೆ ನೋಡಿದ, ಅವನ ಮುಖ ಅರಳಿತು. ಕೆನ್ನೆ ನೋಡಿದ. ಗಾಯ ಎಲ್ಲಿ ಎಂದು ಕೇಳಿದ.

"ಎರಕದಲ್ಲಿ ದೋಷವಿತ್ತು. ತಿದ್ದಿದ್ದೇನೆ," ಎಂದಳು ಗೃಹಿಣಿ.

"ದೋಷವಲ್ಲ ತಾಯಿ. ಕೊಳದ ಮರಿಹಾವನ್ನು ಹದ್ದು ಎತ್ತಿಕೊಂಡು ಹೋಗುವಾಗ ಇವಳು ಅಡ್ಡ ನಿಂತಳು. ಆಗ ಹದ್ದಿನ ಉಗುರು ತಗುಲಿತ್ತು. ಅದಿಲ್ಲದಿದ್ದರೆ ಇವಳು ಯಾವ ಕಾವಲುಗಾರ್ತಿ? ಕೊಂಬು ಇಟ್ಟುಕೊಂಡು ಅರಿಸಿನ ಕುಂಕುಮಕ್ಕೆ ಬಂದ ಹೆಂಗಸು."

ಮೊದಲೇ ಹೇಳಬಹುದಿತ್ತಲ್ಲ ಎಂದು ಗೃಹಿಣಿ ಅಂದಳು. ಕೇಳಿದ್ದರೆ ಹೇಳುತ್ತಿದ್ದೆ ಎಂದು ಶಿಲ್ಪಿ ಅಂದ. ಕೋಸಂಬರಿಯ ಎಲೆ ಹಿಡಿದಿದ್ದ ಹೆಂಗಸರು ಎಲೆಯನ್ನೇ ನೋಡುತ್ತ ನಿಂತರು. ಗೃಹಿಣಿಗೆ ತನ್ನ ಬೆರಳು ಆ ತಗ್ಗಿನ ಮೇಲೆ ನಿಂತದ್ದು ನೆನಪಾಯಿತು. ಅವಳು ಅದನ್ನು ಹೇಳಲಿಲ್ಲ.

ಬೊಂಬೆಗಳನ್ನು ಇಳಿಸಿದ ಮೇಲೆ ಅವಳು ಕಾವಲುಗಾರ್ತಿಯನ್ನು ಮತ್ತೆ ಎದುರಿಗಿಟ್ಟುಕೊಂಡಳು. ಮಣ್ಣಿನ ಮೂಲ ಒಡೆಯುವ ಮೊದಲು ತೆಗೆದಿದ್ದ ಫೋಟೋವನ್ನು ಶಿಲ್ಪಿಯ ಮನೆಯಿಂದ ತರಿಸಿದಳು. ಗಾಯದ ಉದ್ದ, ಓರೆ, ಕಣ್ಣಿನಿಂದ ಅದಕ್ಕಿರುವ ದೂರ, ಎಲ್ಲವನ್ನೂ ಅಳೆದಳು. ಸೂಜಿಯ ಮೊನೆಯಿಂದ ಪುಟ್ಟಿಯನ್ನು ಕೊರೆದು ಅಂಚುಗಳನ್ನು ಎಬ್ಬಿಸಿದಳು. ಮಾಗಿದ ಗಾಯದ ನಡುವೆ ಚರ್ಮ ನಸುಗೆಂಪಾಗಿ ಹೊಳೆಯುತ್ತದೆ, ಅಂಚು ಬಿಳಿಚಿಕೊಳ್ಳುತ್ತದೆ. ಆ ಹೊಳಪನ್ನೂ ತಂದಳು. ಅವಳ ಕೈಯಿಂದ ಅದಕ್ಕಿಂತ ಒಳ್ಳೆಯ ಕೆಲಸ ಎಂದೂ ಆಗಿರಲಿಲ್ಲ. ಅದು ಸುಳ್ಳು ಹೆಮ್ಮೆಯಲ್ಲ. ನೋಡಿದ್ದರೆ ಯಾರಾದರೂ ಒಪ್ಪುತ್ತಿದ್ದರು.

ಅವಳೇ ಅದನ್ನು ಹೊತ್ತು ಶಿಲ್ಪಿಯ ಮನೆಗೆ ಹೋದಳು. ಫೋಟೋವನ್ನು ಪಕ್ಕದಲ್ಲಿಟ್ಟು ಸರಿನೋಡಿಕೊಳ್ಳಿ ಎಂದಳು. ಶಿಲ್ಪಿ ಬೊಂಬೆಯನ್ನು ಬೆಳಕಿಗೆ ತಿರುಗಿಸಿದ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ ಎಂದು ಮನಸಾರೆ ಒಪ್ಪಿದ. ಅವಳಿಗೆ ಮಣೆ ಹಾಕಿದ. ಎದುರಿಗೆ ಕುಳಿತು ಅವಳ ಮುಖವನ್ನೇ ನೋಡುತ್ತ ಕಾದ.

ಗೃಹಿಣಿ ವಾರ್ನಿಷ್ ವಿಷಯ ಹೇಳಿದಳು. ಬಿಸಿಲಿಗೆ ಇಡಬಾರದು ಎಂದಳು. ಒದ್ದೆ ಬಟ್ಟೆ ತಾಗಿಸಬಾರದು, ಧೂಳು ಕೂತರೆ ನವಿಲುಗರಿಯಿಂದ ಕೊಡವಬೇಕು, ಎತ್ತುವಾಗ ಕೊಂಬು ಹಿಡಿಯಬಾರದು ಎಂದಳು. ಹೇಳಿದ್ದೆಲ್ಲ ಸರಿಯಾಗಿತ್ತು. ಹೇಳುವುದು ಮುಗಿಯಿತು. ಶಿಲ್ಪಿ ಇನ್ನೂ ಸ್ವಲ್ಪ ಕಾದ. ಆಮೇಲೆ ಎದ್ದು, ಮೊದಲ ದಿನ ತಂದಿದ್ದ ಬಟ್ಟೆಯಲ್ಲೇ ಕಾವಲುಗಾರ್ತಿಯನ್ನು ಸುತ್ತಿ ಅವಳ ಮಡಿಲಿಗೆ ಇಟ್ಟ.

"ಇವಳು ನಿಮ್ಮಲ್ಲೇ ಇರಲಿ ತಾಯಿ. ಮೊದಲಿನ ಗಾಯ ಹದ್ದು ಮಾಡಿದ್ದು. ಇದು ನೀವು ಮಾಡಿದ್ದು."

ಅಂದಿನಿಂದ ಪ್ರತಿ ನವರಾತ್ರಿಗೂ ಕಾವಲುಗಾರ್ತಿ ಆ ಮನೆಯ ಹಂತದ ಮೇಲೆ ಕೂರುತ್ತಾಳೆ. ಬಂದವರು ಎಲ್ಲಕ್ಕಿಂತ ಹೆಚ್ಚಾಗಿ ಆ ಗಾಯವನ್ನೇ ಹೊಗಳುತ್ತಾರೆ. ಗೃಹಿಣಿ ಅವರಿಗೆ ಹದ್ದಿನ ಕತೆ ಹೇಳುತ್ತಾಳೆ. ಹೇಳುವಾಗ ಅವಳ ಕೈ ತನ್ನ ಕೆನ್ನೆಗೆ ಹೋಗುತ್ತದೆ. ಶಿಲ್ಪಿಯ ಹೊಸ ಬೊಂಬೆಗಳು ಬೇರೆ ಮನೆಯ ಹಂತ ಏರುತ್ತವೆ. ಅಲ್ಲಿ ಬಣ್ಣ ಅಲ್ಲಲ್ಲಿ ಗೆರೆ ದಾಟಿರುತ್ತದೆ. ಆದರೂ ಅವನು ಅಲ್ಲಿಗೇ ಕೊಡುತ್ತಾನೆ.

ಗುರುಗಳು ಕತೆ ನಿಲ್ಲಿಸಿದರು. ಹೈಮವತಿ ಚಾಪೆಯ ಅಂಚನ್ನು ಸರಿಮಾಡಿದಳು. ಅವಳು ಸೂಕ್ಷ್ಮಮತಿ, ಕತೆ ಯಾರಿಗೆ ಹೇಳಿದ್ದೆಂದು ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಸ್ವಲ್ಪ ಯೋಚಿಸಿ ತಲೆಯೆತ್ತಿದಳು. ಅವಳ ದನಿ ಮತ್ತೆ ಗಟ್ಟಿಯಾಗಿತ್ತು.

"ತಿಳಿಯಿತು ಗುರುಗಳೇ. ನಾಳೆ ಬೆಳಗ್ಗೆ ನಾನೇ ಬಾಗಿಲಿಗೆ ಅದೇ ರಂಗೋಲಿ ಇಡುತ್ತೇನೆ. ಮೂಡಣ ಮೂಲೆಯ ಎಳೆಯನ್ನು ಅವಳು ಬಿಟ್ಟಿದ್ದ ಹಾಗೆಯೇ ಬಿಡುತ್ತೇನೆ. ಒಂದು ಚುಕ್ಕಿಯೂ ಆಚೀಚೆ ಆಗುವುದಿಲ್ಲ. ಮಗನಿಗೆ ಹೇಳಿ ಕಳಿಸುತ್ತೇನೆ, ಅವಳು ಬಂದು ನೋಡಲಿ."

ಗುರುಗಳು ಹೇಳಿದರು: "ರಂಗೋಲಿ ಪುಡಿ ಮನೆಯಲ್ಲೇ ಇರಲಿ ಹೈಮವತಿ, ನೀನು ಅವಳ ತವರಿಗೆ ಹೋಗಿ ಕ್ಷಮೆ ಕೇಳು."