ಮಡುವಿಗೆ ಬಂದ ಅತಿಥಿ

ನನ್ನ ಹಳೆಯ ದಿನಚರಿಯಲ್ಲಿ ಈ ಕತೆ ೧೯೭೪ನೆಯ ಆಗಸ್ಟ್ ಹನ್ನೊಂದು, ಭಾನುವಾರದ ಪುಟದಲ್ಲಿದೆ. ಅಂದು ಬರೆದುಕೊಂಡಂತೆಯೇ ಇಲ್ಲಿದೆ.

"ಕೇಳಿರಪ್ಪೋ ಕೇಳಿ! ಹೊಳಲಗಿರಿಯ ದೊರೆ ವೀರಮಲ್ಲರ ಅಪ್ಪಣೆ! ದೇವರ ಮಡುವಿನ ಮೀನುಗಳು ಸಾಯುತ್ತಿವೆ. ಹಿರಿಮೀನು ದೊರೆಯ ಕನಸಿಗೆ ಬಂದು ಮೂರು ಒಗಟು ಕೇಳಿದೆ. ಬಿಡಿಸಿದವರಿಗೆ ಅರ್ಧ ರಾಜ್ಯ. ಹೇಳಿದ ಉತ್ತರವನ್ನು ಒಂಬತ್ತು ದಿನ ಪರೀಕ್ಷಿಸಲಾಗುವುದು. ತಪ್ಪಿದರೆ ಹೇಳಿದವರ ತಲೆ ಹೋಗುವುದು. ತಿಂಗಳೊಳಗೆ ಯಾರೂ ಬಿಡಿಸದಿದ್ದರೆ, ಸವಳು ಕಲಸಿ ನೀರು ಕೆಡಿಸಿದ ಅಗಸ ಬೊಮ್ಮಣ್ಣನ ತಲೆ ಹೋಗುವುದು!"

ಡಂಗುರ ಕೇಳಿದಾಗ ಬೊಮ್ಮಣ್ಣನ ಮಗಳು ಕೆಂಚಿ ಬಟ್ಟೆ ಒಗೆಯುತ್ತಿದ್ದಳು. ಎತ್ತಿದ ಕೈ ಹಾಗೇ ನಿಂತಿತು. ಸವಳು ಮಣ್ಣಿನಲ್ಲಿ ಬಟ್ಟೆ ಒಗೆಯುವುದು ಅವಳ ಮುತ್ತಜ್ಜನ ಕಾಲದಿಂದಲೂ ಇತ್ತು. ಮೀನುಗಳ ಮೈಮೇಲೆ ಕೆಂಪು ಹುಣ್ಣು ಎದ್ದದ್ದು ಮಾತ್ರ ಈ ಬೇಸಗೆಯಲ್ಲಿ, ಊರಿಗೆ ವಾಂತಿಭೇದಿಯ ಜ್ವರ ಬಂದ ಮೇಲೆ.

ತುಂಬಿದ ಸಭೆಯಲ್ಲಿ ದೊರೆ ಒಗಟುಗಳನ್ನು ಹೇಳಿದ. "ಹಿರಿಮೀನು ಕೇಳಿತು: 'ನಮ್ಮ ಮನೆಗೆ ಒಬ್ಬ ಅತಿಥಿ ಬಂದಿದ್ದಾನೆ. ಅವನಿಗೆ ಗಾಳವಿಲ್ಲ, ಬಲೆಯಿಲ್ಲ, ಮೈಯೂ ಕಾಣದು. ಅವನು ಯಾರು? ಅವನನ್ನು ಕರೆತಂದವರು ಕಲ್ಲೆಸೆಯಲಿಲ್ಲ, ಕೈಮುಗಿದುಕೊಂಡೇ ಬಂದರು. ಅವರು ಯಾರು? ನಾವು ನೀರಿನವರು, ಆದರೆ ನೀರು ನಮ್ಮನ್ನು ಕಾಯಲಾರದು. ಕಾಯುವುದು ಯಾವುದು?'"

ಸೇನಾಪತಿಯ ಮಗ ರಣಸಿಂಗ ಎದ್ದು ಮೀಸೆ ತಿರುವಿದ. "ಅತಿಥಿ ಎಂದರೆ ನೀರಿಗೆ ಬಿದ್ದ ವಿಷ. ತಂದವರು ಪಕ್ಕದ ರಾಜ್ಯದ ಯಾತ್ರಿಕರು. ಕಾಯುವುದು ನನ್ನ ಕತ್ತಿ!" ಗಡಿ ಮುಚ್ಚಿಸಿದರು. ಒಂಬತ್ತನೆಯ ದಿನ ನಲವತ್ತು ಮೀನು ಹೊಟ್ಟೆ ಮೇಲಾಗಿ ತೇಲಿದವು. ರಣಸಿಂಗನ ತಲೆ ಹೋಯಿತು.

ಆಸ್ಥಾನದ ಜೋಯಿಸ ತಿರುಮಲಯ್ಯ, "ಅತಿಥಿ ಶನಿ, ತಂದದ್ದು ಕಾಲ, ಕಾಯುವುದು ಶಾಂತಿ" ಎಂದು ಹೋಮ ಮಾಡಿಸಿದ. ಒಂಬತ್ತು ದಿನದ ಹೋಮದ ಹೊಗೆ ಆರುವ ಮೊದಲೇ ಮತ್ತೆ ಎಪ್ಪತ್ತು ಮೀನು ಸತ್ತವು. ಜೋಯಿಸನ ತಲೆಯೂ ಹೋದಾಗ ಅವನ ಹೆಂಡತಿ ಸಭೆಯ ಬಾಗಿಲಲ್ಲೇ ಕುಸಿದುಬಿದ್ದಳು. ಆಮೇಲೆ ಯಾರೂ ಮುಂದೆ ಬರಲಿಲ್ಲ.

ಕೆಂಚಿ ಸೆರೆಮನೆಗೆ ಹೋದಳು. ಬೊಮ್ಮಣ್ಣನ ಕಾಲಿಗೆ ಕೋಳ ಹಾಕಿದ್ದರು.

"ಅಪ್ಪಯ್ಯ, ನಂಗೆ ಉತ್ತರ ಗೊತ್ತು."

"ಬೇಡ ಮಗಾ. ಉತ್ತರದಾಗೆ ದೊರೆ ಹೆಸರು ಬರ್ತದಲ್ಲ?"

"ನನ್ನ ಹೆಸರೂ ಬರ್ತದೆ."

ಮುದುಕ ಕೋಳದ ಕಾಲನ್ನು ಎಳೆದುಕೊಂಡು ಹತ್ತಿರ ಸರಿದ. "ಹಂಗಾದ್ರೆ ಮೊದ್ಲು ನಿನ್ನ ಹೆಸರು ಹೇಳು" ಎಂದ.

ಮರುದಿನ ಅವಳು ಸಭೆಗೆ ಬಂದಾಗ ಒಬ್ಬ ನಕ್ಕ. "ಏನವ್ವಾ, ದೊರೆಗಳ ಪಂಚೆ ಒಣಗಿತೇ?"

"ಒಣಗಿದೆ ಸ್ವಾಮಿ. ನಿಮ್ಮದರ ಕಲೆ ಮಾತ್ರ ಹೋಗಲಿಲ್ಲ" ಎಂದು ಕೆಂಚಿ ದೊರೆಗೆ ಅಡ್ಡಬಿದ್ದಳು.

"ಪ್ರಭು, ಅತಿಥಿ ನಮ್ಮ ಮೈಯ ಜಡ್ಡು. ಅದರ ಬೀಜ ಕಣ್ಣಿಗೆ ಕಾಣೋದಿಲ್ಲ. ತಂದವಳು ನಾನು. ಯುವರಾಜರು ಜ್ವರದಲ್ಲಿ ಮಲಗಿದ್ದ ಹಾಸಿಗೆಯನ್ನು ಮಡುವಿನ ಮೇಲಿನ ಹರಿವಿನಲ್ಲಿ ಒಗೆದೆ. ತಂದವರು ನೀವೂ ಹೌದು. ಜ್ವರ ಬಿಡುವ ಮೊದಲೇ ಅವರನ್ನು ಕೈಹಿಡಿದು ನಡೆಸಿ, 'ಮೀನಪ್ಪಾ, ಜಡ್ಡು ತಗೋ' ಎಂದು ಮೂರು ಮುಳುಗು ಹಾಕಿಸಿದಿರಿ. ಊರಿನ ರೋಗಿಗಳೆಲ್ಲ ನಿಮ್ಮ ಹಿಂದೆ ಬಂದರು. ನಾವು ಕೊಟ್ಟೆವು, ಮೀನು ತಗೊಂಡವು."

ದೊರೆಯ ಕೈ ಕತ್ತಿಯ ಹಿಡಿಗೆ ಹೋಯಿತು.

"ಮೂರನೆಯದು?"

"ಬೆಂಕಿ, ಪ್ರಭು. ಬೇರೆ ಬಟ್ಟೆಯನ್ನೆಲ್ಲ ಉಬ್ಬೆಗೆ ಹಾಕಿ ಹಬೆಯಲ್ಲಿ ಬೇಯಿಸುತ್ತೇವೆ. ರೋಗಿಯ ಬಟ್ಟೆಯನ್ನು ಮಾತ್ರ ಬೇಯಿಸೋದಿಲ್ಲ. ಬೇಯಿಸಿದರೆ ಜಡ್ಡು ಮೀನಿಗೆ ಸೇರದೆ ರೋಗಿಯ ಮನೆಗೇ ಮರಳುತ್ತದೆ ಅಂತ ಹಿರಿಯರು ಹೇಳಿದ್ದರು. ನಂಬಿದೆವು. ಪರೀಕ್ಷೆ ಮಾಡಿ."

ಮೇಲಿನ ಊರಿನ ಬಾವಿಯಿಂದ ನೀರು ತಂದು ಎರಡು ಕೊಪ್ಪರಿಗೆಗಳನ್ನು ತುಂಬಿಸಿದರು. ಬೆಟ್ಟದ ತೊರೆಯಿಂದ ಹುಣ್ಣಿಲ್ಲದ ಮೀನು ಹಿಡಿದು ತಂದು ಒಂದೊಂದಕ್ಕೆ ಹನ್ನೆರಡರಂತೆ ಬಿಟ್ಟರು. ಒಂದಕ್ಕೆ ರೋಗಿಯ ಬಟ್ಟೆಯನ್ನು ಹಾಗೇ ಹಿಂಡಿದರು. ಇನ್ನೊಂದಕ್ಕೆ ಉಬ್ಬೆಯಲ್ಲಿ ಬೆಂದು ಆರಿದ ಬಟ್ಟೆಯನ್ನು ಹಿಂಡಿದರು. ಕೆಂಚಿ ದಿನವೂ ಬಂದು ಎರಡನ್ನೂ ನೋಡಿದಳು. ಐದನೆಯ ದಿನ ಮೊದಲನೆಯದರಲ್ಲಿ ಮೀನುಗಳು ಗೋಡೆಗೆ ಮೈ ಉಜ್ಜತೊಡಗಿದವು. ಏಳನೆಯ ದಿನ ಕಿವಿರು ಬಿಳಿಚಿತು, ಹುಣ್ಣು ಎದ್ದಿತು. ಒಂಬತ್ತನೆಯ ದಿನ ಹನ್ನೆರಡೂ ಸತ್ತಿದ್ದವು. ಎರಡನೆಯದರಲ್ಲಿ ಹನ್ನೆರಡೂ ಮಂಡಕ್ಕಿಗೆ ಬಾಯಿ ತೆರೆದವು.

ದೊರೆ ಕೊಪ್ಪರಿಗೆಯ ಪಕ್ಕದಲ್ಲೇ ಕುಳಿತುಬಿಟ್ಟ. "ಅರ್ಧ ರಾಜ್ಯ ನಿನ್ನದು, ತಾಯಿ."

"ರಾಜ್ಯ ಬೇಡ ಪ್ರಭು. ನನ್ನ ಅಪ್ಪನ್ನ ಕೊಡಿ. ರೋಗಿ ಮಡುವಿಗೆ ಇಳಿಯಕೂಡದು, ರೋಗಿಯ ಬಟ್ಟೆ ಉಬ್ಬೆಯಿಲ್ಲದೆ ಹೊಳೆಗೆ ಬೀಳಕೂಡದು ಅಂತ ಕಲ್ಲಿನಲ್ಲಿ ಬರೆಸಿ."

ಎರಡನ್ನೂ ದೊರೆ ಕೊಟ್ಟ. ಮೇಲೆ ಉಬ್ಬೆಯ ಸೌದೆಗೆಂದು ಒಂದು ಕಾಡಿನ ತುಂಡನ್ನೂ ಬಿಟ್ಟುಕೊಟ್ಟ.

ಕೊನೆಗೆ ತೆತ್ತದ್ದು ಇಷ್ಟು. ಇಬ್ಬರ ತಲೆ ಹೋಯಿತು. ಮಡುವಿನಲ್ಲಿದ್ದ ನಾನೂರು ಮೀನುಗಳಲ್ಲಿ ಉಳಿದದ್ದು ಇಪ್ಪತ್ತಾರು. ಹಿರಿಮೀನು ಉಳಿಯಲಿಲ್ಲ. ಕೋಳ ಕಚ್ಚಿದ ಬೊಮ್ಮಣ್ಣನ ಬಲಗಾಲು ಕೊಳೆತು, ಮಂಡಿಯ ಕೆಳಗೆ ಕತ್ತರಿಸಬೇಕಾಯಿತು. ಮರುವರ್ಷ ಮತ್ತೆ ಜ್ವರ ಬಂದಾಗ, ಮಡುವಿಗೆ ಇಳಿಯಬಿಡದೆ ಮಕ್ಕಳನ್ನು ಕೊಂದಳು ಎಂದು ಆರು ಮನೆಯವರು ಕೆಂಚಿಗೆ ಬಟ್ಟೆ ಕೊಡುವುದನ್ನು ನಿಲ್ಲಿಸಿದರು. ಆ ಆರು ಮನೆಯವರು ಅವಳು ಬದುಕಿರುವವರೆಗೂ ಅವಳೊಡನೆ ಮಾತಾಡಲಿಲ್ಲ.