ಹೇಂಟೆಯ ಬಲೆ, ಮುಂಗುಸಿಯ ಗಾಳಿಕಿಂಡಿ

ಹಿತ್ತಿಲ ಪ್ರಾಣಿಗಳ ಸಭೆಯಲ್ಲಿ ಹೇಂಟೆ ಕೆಂಚವ್ವನಿಗೆ ಒಂದೇ ಹಟ. ಮರಿಗಳ ಮೇಲೆ ಹದ್ದು ಎರಗದಂತೆ ಅಂಗಳಕ್ಕೆ ಬಲೆ ಕಟ್ಟಿಸಬೇಕು. ಆದರೆ ಬೆಂಬಲ ಸಾಲದು. ಆಗ ಮುಂಗುಸಿ ಮಗ್ಗುಲಿಗೆ ಬಂದು ಕೂತಿತು. ಅದರ ಮುಖ ನೋಡಿದರೆ ಶುಭ ಅಂತ ಊರೇ ನಂಬಿತ್ತು, ಕೆಂಚವ್ವನೂ ನಂಬಿದಳು.

“ಅಕ್ಕಾ, ನಿಮ್ಮ ಬಲೆಗೆ ನಮ್ಮ ಕಡೆಯವರೆಲ್ಲ ‘ಹೌದು’ ಅಂತೀವಿ. ನಂದೂ ಒಂದು ಪುಟ್ಟ ಮಸೂದೆ ಇದೆ. ಅದೇ ಅಂಗಳದ ಗೋಡೆಯ ಬುಡದಲ್ಲೊಂದು ಗಾಳಿಕಿಂಡಿ. ಪಾಪ, ಮರಿಗಳಿಗೆ ಸೆಕೆ.”

“ಕಿಂಡಿ ಎಷ್ಟಗಲ?”

“ನನ್ನಷ್ಟೇ ಅಕ್ಕಾ. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ. ಸಭೆ ಅಂದಮೇಲೆ ಕೊಟ್ಟು ತಗೊಳ್ಳೋದು ಇದ್ದದ್ದೇ.”

ಆಕಾಶದ ಮೇಲೇ ಕಣ್ಣಿಟ್ಟಿದ್ದ ಕೆಂಚವ್ವ ತಲೆಯಾಡಿಸಿದಳು. ಎರಡೂ ಮಸೂದೆಗಳು ಧ್ವನಿಮತದಲ್ಲಿ ಪಾಸಾದವು. ಕಿಂಡಿಗೆ ಎಲ್ಲರಿಗಿಂತ ಜೋರಾಗಿ ‘ಹೌದು’ ಎಂದು ಕೂಗಿದವಳು ಅವಳೇ.

ಹದ್ದು ಬರಲಿಲ್ಲ. ಕೆಂಚವ್ವ ಕಾಳು ಕೆದಕಲು ಹೋಗಿದ್ದಾಗ ಕಿಂಡಿಯಿಂದ ಮುಂಗುಸಿ ಬಂತು. ಮರಿಗಳು ಅಮ್ಮ ಕಲಿಸಿದ ಹಾಗೆ ಆಕಾಶ ನೋಡುತ್ತ ನಿಂತಿದ್ದವು.

ಮರುದಿನ ಸಭೆಯಲ್ಲಿ ಸಂತಾಪ ನಿರ್ಣಯ ಮಂಡಿಸಿದ್ದೂ ಮುಂಗುಸಿಯೇ. “ಎಂಥಾ ಮುದ್ದು ಮಕ್ಕಳು!” ಎಂದು ಮೀಸೆಗಂಟಿದ ಪುಕ್ಕ ಒರೆಸಿಕೊಂಡಿತು. ಎಲ್ಲರೂ ಎದ್ದು ಮೌನವಾಗಿ ನಿಂತರು.

“ತಿಂದವನೇ ತಿಥಿ ಮಾಡ್ತಿದಾನಲ್ರೋ! ಕೇಳೋರೇ ಇಲ್ವಾ?” ಕೆಂಚವ್ವ ಚೀರಿದಳು.

ಬಾತುಕೋಳಿ ನೆಲ ನೋಡಿತು, ಮೇಕೆ ಮುಖ ತಿರುಗಿಸಿತು. ಇಬ್ಬರ ಮಸೂದೆಗೂ ಮುಂಗುಸಿಯ ಬೆಂಬಲ ಬೇಕಿತ್ತು.

ಸಭಾಪತಿ ಟಗರು ಕೊರಳ ಗಂಟೆ ಅಲ್ಲಾಡಿಸಿತು. “ಮೌನಾಚರಣೆ ನಡೀತಿದೆ ತಾಯಿ, ಸದನದ ಮರ್ಯಾದೆ ಕಾಪಾಡಿ.”