ಹೊಟ್ಟಿನ ಬೂದಿ ಮತ್ತು ಸಿಮೆಂಟು

ಅಕ್ಕಿ ಗಿರಣಿಯ ಒಲೆಯಲ್ಲಿ ಉರಿದುಹೋದ ಭತ್ತದ ಹೊಟ್ಟಿನ ಬೂದಿ, ತನ್ನ ಬಾಳು ಮುಗಿಯಿತೆಂದುಕೊಂಡು ಗೋಡೆಯ ಬದಿಯಲ್ಲಿ ಅರೆನಿದ್ದೆಯಲ್ಲಿ ಮಲಗಿತ್ತು. ಊರಿಗೆ ನೀರಿನ ತೊಟ್ಟಿ ಕಟ್ಟಲು ಬಂದ ಮೇಸ್ತ್ರಿ ದುರುಗಮ್ಮ ಅದನ್ನು ನುಣ್ಣಗೆ ಅರೆದು ಜರಡಿ ಹಿಡಿದಳು. ಸಿಮೆಂಟನ್ನು ಒಂದಿಷ್ಟು ಕಡಿಮೆ ಮಾಡಿ, ಆ ಜಾಗಕ್ಕೆ ಬೂದಿಯನ್ನು ಸುರಿದಳು.

“ಸುಟ್ಟು ಮುಗಿದ ನಿನಗೆ ನನ್ನ ಪಕ್ಕದಲ್ಲಿ ಏನು ಕೆಲಸ?” ಎಂದಿತು ಸಿಮೆಂಟು.

“ನನಗೂ ತಿಳಿಯದು ಸ್ವಾಮಿ. ಕರೆದರು, ಬಂದೆ,” ಎಂದಿತು ಬೂದಿ.

ಮರಳು, ಜಲ್ಲಿ, ನೀರು ಸೇರಿದವು; ಕಲಸಿದ್ದೆಲ್ಲ ತೊಟ್ಟಿಯ ಗೋಡೆಯಾಯಿತು. ಸಿಮೆಂಟು ಬಿಸಿಯೇರಿ ಬೇಗನೆ ಗಟ್ಟಿಯಾಯಿತು. ಆದರೆ ಅದರ ಮೈಯಿಂದ ಹೊರಬಿದ್ದ ಸುಣ್ಣ, ಕಣ್ಣಿಗೆ ಕಾಣದ ರಂಧ್ರಗಳಲ್ಲಿ ತೇವದೊಡನೆ ಜಾರತೊಡಗಿತು.

“ಅಯ್ಯೋ, ನಾನು ಸೋರಿಹೋಗುತ್ತಿದ್ದೇನೆ! ಯಾರಾದರೂ ಹಿಡಿಯಿರಿ!” ಎಂದು ಸಿಮೆಂಟು ಕೂಗಿತು.

ಗೋಡೆಯೊಳಗಿನ ತೇವದ ಕತ್ತಲಲ್ಲಿ ಕನಸು ಕಾಣುತ್ತಿದ್ದ ಬೂದಿ ಕೈ ಚಾಚಿತು. ಸುಣ್ಣವನ್ನು ಒಂದೊಂದೇ ಕಣವಾಗಿ ಅಪ್ಪಿಕೊಂಡು, ಅದರೊಡನೆ ತಾನೂ ಕಲ್ಲಾಗುತ್ತ, ರಂಧ್ರಗಳನ್ನು ನಿಧಾನವಾಗಿ ಮುಚ್ಚಿತು. ಅದಕ್ಕೆ ವಾರಗಳೇ ಹಿಡಿದವು.

ತೊಟ್ಟಿಗೆ ನೀರು ತುಂಬಿಸಿದ ದಿನ ದುರುಗಮ್ಮ ಹೊರಗೋಡೆಯನ್ನು ಅಂಗೈಯಿಂದ ಸವರಿ ನೋಡಿದಳು. “ಒಂದು ಹನಿಯೂ ಜಿನುಗಿಲ್ಲ,” ಎಂದು ನಕ್ಕಳು.

ಒಳಗಿನಿಂದ ಸಿಮೆಂಟು ಮೆಲ್ಲನೆ ಕೇಳಿತು: “ಅಕ್ಕಾ, ಆಕೆ ಸವರಿದ್ದು ನನ್ನನ್ನೋ, ನಿನ್ನನ್ನೋ?”

ತಾನು ಎಲ್ಲಿ ಮುಗಿದು ಸಿಮೆಂಟು ಎಲ್ಲಿ ಶುರುವಾಗುತ್ತದೆ ಎಂದು ಬೂದಿ ಹುಡುಕಿ ನೋಡಿತು. ಅದಕ್ಕೂ ಗೊತ್ತಾಗಲಿಲ್ಲ.